ಕೊಬ್ಬಿನ ಮಾತು

ಡಾಕ್ಟರಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೊಲೆಸ್ಟರಾಲ್ ಎಂದಿದ್ದರೆ ಪೈಪ್‌ಮಾಮ ಗಂಭೀರವಾಗಿ ತಲೆದೂಗಿ ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದ. ಆದರೆ ಅವರು, ಪಾಪ, ರೋಗಿಗೆ ತಿಳಿಯಲಿ ಎಂದು ರಕ್ತದ ರಿಪೋರ್ಟು ನೋಡಿಕೊಂಡು ಮನೆಮಾತಿನಲ್ಲೇ ಹೇಳಿದರು.

"ನಿಮಗೆ ಕೊಬ್ಬು ಜಾಸ್ತಿ ಆಗಿದೆ. ಇಳಿಸಬೇಕು."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮದುವೆಯಾದಾಗಿನಿಂದ ಅವಳು ಹೇಳುತ್ತ ಬಂದ ಮಾತಿಗೆ ಈಗ ಲ್ಯಾಬಿನ ಮೊಹರು ಬಿದ್ದಿತ್ತು. ಬಾಗಿಲಲ್ಲಿದ್ದ ಕಾಂಪೌಂಡರ್ ಗೋಡೆ ಕಡೆ ತಿರುಗಿಕೊಂಡ, ಅವನ ಬೆನ್ನು ಕುಲುಕುತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ನಲ್ಲಿ ಪೈಪಲ್ಲಿ ಜಿಡ್ಡು ಕಟ್ಟಿದ್ರೆ ನೀರು ನಿಲ್ಲುತ್ತಲ್ಲ, ರಕ್ತನಾಳವೂ ಹಾಗೇ" ಎಂದು ಡಾಕ್ಟರಮ್ಮ ಉದಾಹರಣೆ ಬೇರೆ ಕೊಟ್ಟರು. ಮೀನಿಗೆ ಈಜು ಕಲಿಸುವುದು ಎಂದರೆ ಇದೇ. ನಲ್ಲಿ, ಸಿಂಕು, ಚರಂಡಿ ಎಂದು ಪೈಪುಗಳ ನಡುವೆಯೇ ತಲೆ ನರೆತ ಮನುಷ್ಯ ಅವನು. ಪೈಪ್‌ಮಾಮ ಎಂಬ ಹೆಸರನ್ನು ಬೀದಿಯವರು ಸುಮ್ಮನೆ ಇಟ್ಟಿರಲಿಲ್ಲ.

"ನಲ್ಲಿ ಪೈಪಲ್ಲಿ ಜಿಡ್ಡು ಕಟ್ಟಲ್ಲ ಡಾಕ್ಟ್ರೇ, ಸಿಂಕಿನ ಪೈಪಲ್ಲಿ ಕಟ್ಟುತ್ತೆ. ಬರೋ ನೀರು ಬೇರೆ, ಹೋಗೋ ನೀರು ಬೇರೆ."

"ಹಾಂ, ಅದೇ" ಎಂದು ಅವರು ತಲೆಯೆತ್ತದೆ ಬರೆದರು. ದಿನಾ ರಾತ್ರಿ ಊಟದ ಮೇಲೆ ಒಂದು ಮಾತ್ರೆ.

ವಾಷ್‌ಬೇಸಿನ್ ಹೊತ್ತು ಮಹಡಿ ಹತ್ತುವಾಗ ಎದೆ ಹಿಡಿದಂತಾಗಿ ಮೆಟ್ಟಿಲಲ್ಲೇ ಕುಸಿದು ಕೂತಿದ್ದರಿಂದಲೇ ಡಾಕ್ಟರ ಬಳಿ ಬಂದದ್ದು ಎಂಬ ಸಂಗತಿ ಮಾಮನಿಗೆ ಅಂದಿಗೇ ಮರೆತುಹೋಯಿತು. ಅವನ ತಲೆಯಲ್ಲಿ ಉಳಿದದ್ದು ಆ ಒಂದು ಪದ, ಅದೂ ಕಾಂಪೌಂಡರ್ ಎದುರಿಗೆ.

ಹೀಗೆ ಶುರುವಾಯಿತು ಅವನ ಸಂಶೋಧನೆ. ಫೋನಿನಲ್ಲಿ ಏನನ್ನು ಹುಡುಕಿದರೆ ಅದೇ ಸಿಗುವ ಕಾಲ ಇದು. ಕೊಬ್ಬು ನಿರಪರಾಧಿ ಎಂದು ಟೈ ಕಟ್ಟಿದ ಒಬ್ಬ ಹೇಳಿದ, ಮಾತ್ರೆಯೆಲ್ಲ ಕಂಪನಿಗಳ ಆಟ ಎಂದು ಟೈ ಕಟ್ಟದ ಇನ್ನೊಬ್ಬ ಹೇಳಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮಾಮನಿಗೆ ಮೊಲ ಹಿಡಿದುಕೊಡುವವರೇ ಸಿಕ್ಕಂತಾಯಿತು. ಗಿರಾಕಿಗಳ ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡು ಪ್ರವಚನ ಮಾಡತೊಡಗಿದ.

"ನಮ್ಮ ಮಿದುಳೇ ಕೊಬ್ಬಿಂದ ಆಗಿರೋದು, ಗೊತ್ತಾ ನಿಮಗೆ?"

"ಈಗ ಗೊತ್ತಾಯ್ತು" ಎಂದಳು ಟಾರ್ಚ್ ಹಿಡಿದು ನಿಂತಿದ್ದ ಮನೆಯೊಡತಿ.

ಮಾತ್ರೆಯನ್ನು ದಿನವೂ ಹೆಂಡತಿಯ ಮುಂದೆಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮೇಲೆ ನೀರು ಕುಡಿದಂತೆ ಮಾಡಿ, ಕೈ ತೊಳೆಯುವ ನೆಪದಲ್ಲಿ ಹೋಗಿ ಬೇಸಿನ್ನಿಗೆ ಉಗುಳುತ್ತಿದ್ದ. ಬೇಸಿನ್ನಿಗೆ ಕಂಡಕಂಡದ್ದು ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನೂ ಇವನೇ.

ಒಂದು ಬೆಳಿಗ್ಗೆ ಅಕ್ಕನ ಇಸ್ತ್ರಿ ಅಂಗಡಿಯ ನಲ್ಲಿ ಸೋರುತ್ತಿದೆ ಎಂದು ಕರೆ ಬಂತು. ತಾಯಿ ಬೇಗ ಹೋದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವಳು ಈ ಅಕ್ಕ. ಹೋದ ವರ್ಷ ಅವಳಿಗೆ ಹಾರ್ಟ್ ಅಟ್ಯಾಕ್ ಆಗಿ, ಇದೇ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದ್ದರು. ಆಪರೇಷನ್ ಕೋಣೆಯ ಹೊರಗೆ ಮಾಮ ಮಗುವಿನ ಹಾಗೆ ಅತ್ತಿದ್ದ. ಇವತ್ತು ಅಕ್ಕ ಪ್ಯಾಂಟಿನ ಗೆರೆ ತೀಡುತ್ತ ಖುಷಿಯಾಗಿದ್ದಳು.

"ಕಾಲು ಸೆಳೆತ ಪೂರ್ತಿ ಹೋಯ್ತು ಕಣೋ. ನೀನು ಹೇಳಿದ ಹಾಗೆ ಆ ಕೊಬ್ಬಿನ ಮಾತ್ರೆ ಬಿಟ್ಬಿಟ್ಟೆ."

ನಲ್ಲಿಯ ನಟ್ ತಿರುಗಿಸುತ್ತಿದ್ದ ಮಾಮನ ಕೈ ನಿಲ್ಲುವುದನ್ನೇ ಮರೆಯಿತು. ಥ್ರೆಡ್ ಹೋಗಿ ನೀರು ಸೀದಾ ಮುಖಕ್ಕೆ ಚಿಮ್ಮಿತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಹೊಸಬರ ತಪ್ಪು ಮಾಡಿದವನಲ್ಲ. ತಡಕಾಡಿ ವಾಲ್ವ್ ಬಂದ್ ಮಾಡಿ ಅಕ್ಕನ ಕಡೆ ತಿರುಗಿದ.

"ಬಿಟ್ಟೆಯಾ? ಯಾವಾಗಿಂದ?"

"ತಿಂಗಳಾಯ್ತು. ನೀನೇ ಅಲ್ವಾ ಇಲ್ಲೇ ಕೂತು ಹೇಳಿದ್ದು, ಕೊಬ್ಬು ಏನೂ ಮಾಡಲ್ಲ, ಎಲ್ಲಾ ಕಂಪನಿಯವರ ಆಟ ಅಂತ?"

"ಅದು... ಅಕ್ಕ, ನಿನ್ನ ವಿಷಯ ಬೇರೆ. ನಿನಗೆ ಸ್ಟೆಂಟ್ ಹಾಕಿದಾರೆ."

"ಬರೋ ನೀರಿನ ಪೈಪಲ್ಲಿ ಜಿಡ್ಡು ಕಟ್ಟಲ್ಲ ಅಂದೆ."

"ನರ ಅಂದ್ರೆ ಪೈಪಲ್ಲ ಕಣೇ!"

"ಮಿದುಳೇ ಕೊಬ್ಬು ಅಂದೆ."

ಮಾಮನಿಗೆ ತನ್ನದೇ ಮಾತು ಗಂಟಲಲ್ಲಿ ಬಿಸಿತುಪ್ಪವಾಯಿತು. ಇಷ್ಟು ದಿನ ಯಾರೂ ಎದುರಾಡಲಾಗದಂತೆ ಮಾತು ಕಟ್ಟಿದ್ದ. ಈಗ ಅದನ್ನು ತಾನೇ ಒಡೆಯಹೋದರೆ ಬಿರುಕು ಸಿಗಲಿಲ್ಲ.

"ನಾನು ಹೇಳಿದ್ದೆಲ್ಲ ನಂಬು ಅಂತ ನಿನಗೆ ಯಾರು ಹೇಳಿದ್ರು?" ಎಂದು ಕೊನೆಗೆ ಅಕ್ಕನ ಮೇಲೆಯೇ ರೇಗಿದ.

"ನಿನ್ನನ್ನಲ್ಲದೆ ಇನ್ಯಾರನ್ನ ನಂಬ್ಲಿ?" ಎಂದಳು ಅಕ್ಕ, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು. ಅವಳ ಮುಖ ನೋಡಲಾಗದೆ ಮಾಮ ಒದ್ದೆ ಅಂಗಿಯ ತುದಿ ಹಿಂಡಿದ.

"ಸುಳ್ಳು ಹೇಳಿದೆ ಅಕ್ಕ. ನನಗೇನೂ ಗೊತ್ತಿಲ್ಲ. ಆ ಡಾಕ್ಟರಮ್ಮ ಎಲ್ಲರ ಮುಂದೆ ಕೊಬ್ಬು ಅಂದ್ರಲ್ಲ, ಮೈ ಉರಿದುಹೋಯ್ತು. ಅದಕ್ಕೆ..."

"ಅಂದ್ರೆ ನೀನೂ ನುಂಗ್ತಿಲ್ಲ."

ಮಾಮ ಬಗ್ಗಿ ನೆಲದ ನೀರು ಒರೆಸತೊಡಗಿದ.

"ಸರಿ, ನೀನು ನುಂಗೋವರೆಗೂ ನಾನೂ ನುಂಗಲ್ಲ. ನೀನು ಹೋದ್ಮೇಲೆ ನಾನೊಬ್ಬಳೇ ಇದ್ದು ಮಾತ್ರೆ ನುಂಗ್ತಾ ಕೂತಿರ್ಲಾ?"

ಸಣ್ಣವನಿದ್ದಾಗ ಊಟ ಬೇಡವೆಂದು ಹಟ ಮಾಡಿದರೂ ಅಕ್ಕ ಹೀಗೇ ತಟ್ಟೆ ಮುಂದಿಟ್ಟುಕೊಂಡು ಉಪವಾಸ ಕೂರುತ್ತಿದ್ದಳು. ಅಂದೂ ಗೆಲ್ಲಲಾಗಿರಲಿಲ್ಲ. ಮಾಮ ಅವಳನ್ನು ಆಗಲೇ ಡಾಕ್ಟರಮ್ಮನ ಆಸ್ಪತ್ರೆಗೆ ಹೊರಡಿಸಿದ.

"ಕಾಲು ಸೆಳೆತ ಕೆಲವರಿಗೆ ಬರುತ್ತೆ, ಬೇರೆ ಮಾತ್ರೆ ಇದೆ. ನಮಗೆ ಹೇಳದೆ ನಿಲ್ಲಿಸಬಾರದಿತ್ತು" ಎಂದರು ಡಾಕ್ಟರಮ್ಮ. "ನಿಲ್ಲಿಸಿ ಅಂತ ಯಾರು ಹೇಳಿದ್ರು?"

"ನಾನೇ ನಿಲ್ಲಿಸಿದೆ" ಎಂದಳು ಅಕ್ಕ.

ಮಾಮ ಹಿಂದಿನ ಬೆಂಚಿನ ಹುಡುಗನ ಹಾಗೆ ಕೈಯೆತ್ತಿದ. "ನಾನು ಹೇಳಿದ್ದು. ನಂದೂ ಬೇಸಿನ್ನಲ್ಲಿ ಹೋಗ್ತಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿದರು. ಮತ್ತೆ ಆ ಪದ ಬರುತ್ತದೆ ಎಂದು ಮಾಮ ಹಲ್ಲು ಕಚ್ಚಿ ಕಾದ. ಅನ್ನಿಸಿಕೊಳ್ಳಲು ಈಗ ಅವನಿಗೆ ಅಭ್ಯಂತರವಿರಲಿಲ್ಲ. ಆದರೆ ಅವರು, "ಇಬ್ಬರೂ ತಿಂಗಳು ಬಿಟ್ಟು ಬನ್ನಿ, ರಕ್ತ ಪರೀಕ್ಷೆ ಮಾಡೋಣ" ಎಂದಷ್ಟೇ ಹೇಳಿದರು.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಊಟವಾದ ಮೇಲೆ ಹೆಂಡತಿ ಮಾತ್ರೆ, ನೀರು ತಂದಿಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವನು ನುಂಗಿದ.

"ಬಾಯಿ ತೆರೀರಿ."

ತೆರೆದ.

"ನಾಲಿಗೆ ಎತ್ತಿ."

ಎತ್ತಿದ. ಅವಳು ಬಗ್ಗಿ ಆ ಕಡೆ ಈ ಕಡೆ ನೋಡಿದಳು, ಆಮೇಲೆ ಯಾಕೋ ಅವನ ಗಲ್ಲ ಹಿಡಿದುಕೊಂಡೇ ಅತ್ತುಬಿಟ್ಟಳು. ಬಾಯಿ ತೆರೆದುಕೊಂಡೇ ಇದ್ದ ಮಾಮನಿಗೆ ಸಮಾಧಾನ ಹೇಳಲು ಬರಲಿಲ್ಲ.

ಅವಳು ಎದ್ದು ಒಳಗೆ ಹೋದ ಮೇಲೆ ಅಕ್ಕನಿಗೆ ಫೋನ್ ಹಚ್ಚಿದ. ಒಂದೇ ರಿಂಗಿಗೆ ಅವಳು ಎತ್ತಿದಳು.

"ನುಂಗಿದೆ ಅಕ್ಕ. ನೀನು?"

"ಕೈಯಲ್ಲೇ ಹಿಡ್ಕೊಂಡು ಕೂತಿದೀನಿ ಕಣೋ" ಎಂದಳು ಅಕ್ಕ. "ಇರು, ನೀರು ತಗೋತೀನಿ."