ಮುಗಿಯದ ಲೂಪ್

ಡಿಶ್‌ವಾಶರಿನಿಂದ ತಟ್ಟೆಗಳನ್ನು ಎತ್ತಿಡುತ್ತಿದ್ದ ರಾಜಲಕ್ಷ್ಮಿಯ ಕೈ ಅರ್ಧಕ್ಕೇ ನಿಂತಿತು. ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಇಳಿಯುತ್ತಿದೆಯೇ? ಕಿವಿಗೊಟ್ಟು ಆಲಿಸಿದಳು. ಇಲ್ಲ, ಇನ್ನೂ ಇತ್ತು.

ಆ ಲ್ಯಾಪ್‌ಟಾಪ್ ಅವಳ ಗಂಡ ಪ್ರತಾಪನದು. ಮನೆಯ ಇಪ್ಪತ್ತು ಸಾವಿರ ಫೋಟೋಗಳಲ್ಲಿ ಎರಡೆರಡು ಸಲ ಸೇರಿಕೊಂಡವನ್ನು ಹುಡುಕಲು ಅವನೇ ಪ್ರೋಗ್ರಾಂ ಬರೆದಿದ್ದ. ಜನವರಿಯ ಒಂದು ಬೆಳಿಗ್ಗೆ ಅದನ್ನು ಓಡಲು ಬಿಟ್ಟು, ಲಿಯಾಂಡರ್ ಊರಿನ ಮನೆಯಿಂದ ಹೂಸ್ಟನ್‌ಗೆ ಹೊರಟವನು ದಾರಿಯಲ್ಲೇ ಅಪಘಾತದಲ್ಲಿ ಹೋಗಿಬಿಟ್ಟ. ಪ್ರೋಗ್ರಾಂ ಓಡುತ್ತಲೇ ಇತ್ತು, ಅದರ ಜೊತೆ ಫ್ಯಾನೂ. ಖಾಲಿ ಕುರ್ಚಿಯ ಮುಂದೆ ಪರದೆ ಬೆಳಗುತ್ತಿತ್ತು, ಅವನು ಈಗಷ್ಟೇ ಕಾಫಿಗೆಂದು ಎದ್ದುಹೋದ ಹಾಗೆ.

ಅಡುಗೆಮನೆಯ ಮೇಜಿನ ಮೇಲೆ ಮಗಳು ಸಿಯಾ ಸ್ಕೂಲಿನ ಕಂಪ್ಯೂಟರ್ ಹೋಮ್‌ವರ್ಕ್ ಹರಡಿಕೊಂಡಿದ್ದಳು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪಿನೊಳಗೆ ಇನ್ನೊಂದು ಲೂಪ್ ಇದ್ದರೆ ಎಷ್ಟು ಹೊತ್ತು ಬೇಕು ಎಂಬ ಪಾಠ. ಉದಾಹರಣೆಗೆ ಅಪ್ಪನ ಪ್ರೋಗ್ರಾಮನ್ನೇ ಆರಿಸಿಕೊಂಡಿದ್ದಳು. ಪ್ರತಿ ಫೋಟೋವನ್ನೂ ಉಳಿದ ಎಲ್ಲದರ ಜೊತೆ ಹೋಲಿಸಬೇಕು. ಫೋಟೋ ಎರಡರಷ್ಟಾದರೆ ಕೆಲಸ ನಾಲ್ಕರಷ್ಟು ಎಂದು ವಿವರಿಸಿದಳು. ಒಟ್ಟು ಇಪ್ಪತ್ತು ಕೋಟಿ ಜೋಡಿ, ಸೆಕೆಂಡಿಗೆ ಹತ್ತು.

“ಟೂ ಥರ್ಟಿ ಒನ್ ಡೇಸ್, ಅಮ್ಮ. ಸೆಪ್ಟೆಂಬರಲ್ಲೇ ಡನ್ ಆಗ್ಬೇಕಿತ್ತು. ಈಗ ನವೆಂಬರ್.”

“ನಿಮ್ಮಪ್ಪ ಅವಸರದಲ್ಲಿ ಏನೋ ತಪ್ಪು ಬರ್ದಿರ್ತಾರೆ ಬಿಡು, ಪುಟ್ಟಿ.”

ಸಿಯಾ ಇಲ್ಲವೆಂದು ತಲೆಯಾಡಿಸಿದಳು. ಎರಡು ಸಲ ಓದಿದ್ದಳಂತೆ, ಅಪ್ಪನ ಕೋಡಿನಲ್ಲಿ ಒಂದೂ ತಪ್ಪಿಲ್ಲ.

ತಪ್ಪಿರಲಿಲ್ಲ. ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಪರದೆಯ ಮೇಲೆ ಬಾಕಿಯಿರುವ ಜೋಡಿಗಳ ಸಂಖ್ಯೆ ಕರಗುತ್ತಾ ಬಂದದ್ದನ್ನು ರಾಜಲಕ್ಷ್ಮಿ ಕಂಡಿದ್ದಳು. ಫೋನಿನಿಂದ ಒಂದು ಫೋಟೋ ಆ ಫೋಲ್ಡರಿಗೆ ಹಾಕಿದಳು. ಸಂಖ್ಯೆ ಒಮ್ಮೆಲೇ ಇಪ್ಪತ್ತು ಸಾವಿರ ಏರಿತು. ಒಂದು ಫೋಟೋ ಹಾಕಿದರೆ ಅರ್ಧ ಗಂಟೆಯ ಕೆಲಸ ಹೆಚ್ಚು. ಅಂದಿನಿಂದ ದಿನಕ್ಕೆ ನಲವತ್ತು ಚಿಲ್ಲರೆ ಫೋಟೋ: ತೊಳೆದ ತಟ್ಟೆ, ಹೆಚ್ಚಿದ ಹುರುಳಿಕಾಯಿ, ಬಾಗಿಲ ಬಳಿ ಹಾಗೇ ಉಳಿದ ಅವನ ಶೂ. ಇವತ್ತಿನವು ಇನ್ನೂ ಹಾಕಿರಲಿಲ್ಲ.

ಮೇಲೆ ಫ್ಯಾನಿನ ಸದ್ದು ಈ ಸಲ ನಿಜವಾಗಿಯೂ ಸಣ್ಣಗಾಯಿತು. ಅವಳ ಕೈ ತಾನಾಗಿಯೇ ಫೋನಿಗೆ ಹೋಯಿತು, ಕ್ಯಾಮೆರಾ ತಟ್ಟೆಗಳ ಕಡೆ ತಿರುಗಿತು.

ಸಿಯಾ ಪೆನ್ಸಿಲ್ ಕೆಳಗಿಟ್ಟಳು. ಯಾವಾಗಲೂ ಇಂಗ್ಲಿಷ್ ಬೆರೆಸಿ ಮಾತಾಡುವ ಹುಡುಗಿ ಈಗ ಮೆಲ್ಲನೆ, ಅಪ್ಪನ ಜೊತೆ ಮಾತಾಡುತ್ತಿದ್ದ ಕನ್ನಡದಲ್ಲೇ ಕೇಳಿದಳು:

“ಅಮ್ಮ, ಅದು ಮುಗೀಬಾರ್ದು ಅಂತ ನೀನೇ ದಿನಾ ಫೋಟೋ ಹಾಕ್ತಿದ್ದೀಯಾ?”