ಅಡ್ಜಸ್ಟ್ ಮಾಡ್ಕೊಳ್ತೀನಿ ಆಂಟಿ

ಮುಖ ನೋಡಿದರೆ ಸಾಕು, ಬಾತ್‌ರೂಮು ತೊಳೆಯುವವಳು ಯಾರು, ತೊಳೆಯದೆ ಜಾರಿಕೊಳ್ಳುವವಳು ಯಾರು ಎಂದು ಹೇಳಿಬಿಡುತ್ತೇನೆ ಎನ್ನುವುದು ಕಾಳಮ್ಮನ ಹೆಮ್ಮೆ. ಅರಕಲಗೂಡಿನಿಂದ ಬಂದು ಕುಶಾಲನಗರದ ಹೊರಗೆ ಹಾರಂಗಿ ರಸ್ತೆಯಲ್ಲಿ ಮನೆ ಕಟ್ಟಿದವರು ಅವಳು ಮತ್ತು ಅವಳ ಗಂಡ ಸಣ್ಣಸ್ವಾಮಿ. ಮಹಡಿಯ ಮೇಲೆ ಮೂರು ರೂಮು, ಒಂದು ಅಡುಗೆ ಕಟ್ಟೆ, ಒಂದೇ ಬಾತ್‌ರೂಮು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಓದುವ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಬಾಡಿಗೆಗೆ ಇಟ್ಟುಕೊಂಡು ಬಂದಿದ್ದಾಳೆ.

ಅಷ್ಟು ವರ್ಷದಲ್ಲಿ ಅವಳು ಕಂಡುಕೊಂಡ ಪರೀಕ್ಷೆ ಒಂದೇ. ರೂಮು ಕೇಳಿಕೊಂಡು ಬಂದವಳಿಗೆ ಎಲ್ಲವನ್ನೂ ತೋರಿಸುವುದು, ಮೆಟ್ಟಿಲ ಬುಡದಲ್ಲಿ ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ತೂಗುಹಾಕಿದ ಹನ್ನೆರಡು ನಿಯಮಗಳನ್ನು ಓದಿಸುವುದು. ನೀರು ಎಷ್ಟು ಹೊತ್ತು ಬರುತ್ತದೆ, ಬಟ್ಟೆ ಎಲ್ಲಿ ಒಣಗಿಸಬೇಕು ಎಂದೆಲ್ಲ ವಿಚಾರಿಸಿದವಳಿಗೆ, "ರೂಮು ಆಗ್ಲೇ ಬೇರೆಯವ್ರಿಗೆ ಹೇಳಿದೀನಿ ಕಣವ್ವ" ಎಂಬ ಉತ್ತರ. ಏನೂ ಕೇಳದೆ, "ಅಡ್ಜಸ್ಟ್ ಮಾಡ್ಕೊಳ್ತೀನಿ ಆಂಟಿ" ಎಂದವಳ ಕೈಗೆ ಬೀಗದಕೈ.

ಆದ್ದರಿಂದ ಮಗಳು ದಿವ್ಯಶ್ರೀ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿ, ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು ಇಟಲಿಯ ಪಾದುವಾಕ್ಕೆ ಹೊರಟಾಗ ಕಾಳಮ್ಮನಿಗೆ ಅಳು ಬಂದರೂ ಭಯವೇನೂ ಆಗಲಿಲ್ಲ. ಪರರ ಮನೆಯಲ್ಲಿ ಹೇಗಿರಬೇಕು ಎಂದು ಹೇಳಿಕೊಡುವುದಕ್ಕೆ ತನಗಿಂತ ತಿಳಿದವರು ಯಾರಿದ್ದಾರೆ? "ಏನು ಕೇಳಿದ್ರೂ ಹೂಂ ಅನ್ನು. ವಾಸನೆ ಬರೋ ಅಡುಗೆ ಮಾಡಲ್ಲ ಅನ್ನು. ಅಡ್ಜಸ್ಟ್ ಮಾಡ್ಕೊಳ್ತೀನಿ ಅನ್ನು" ಎಂದು ಏರ್‌ಪೋರ್ಟಿನ ಬಾಗಿಲಲ್ಲೂ ಪಾಠ ಒಪ್ಪಿಸಿದ್ದಳು.

ದಿವ್ಯಶ್ರೀ ಚುರುಕು. ಹೋದ ಮೂರೇ ವಾರದಲ್ಲಿ ಆ ಊರನ್ನು ಅರೆದು ಕುಡಿದಿದ್ದಳು. ಬಸ್ಸು ಹತ್ತಿದ ಕೂಡಲೇ ಟಿಕೆಟ್ಟನ್ನು ಮೆಷಿನ್ನಿಗೆ ತೋರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಹಸಿ ಕಸ ಒಂದು ದಿನ, ಪ್ಲಾಸ್ಟಿಕ್ ಇನ್ನೊಂದು ದಿನ, ಗಾಜು ಮತ್ತೊಂದು ದಿನ. ಕಾಫಿಯನ್ನು ಕೌಂಟರಿನ ಮುಂದೆ ನಿಂತೇ ಕುಡಿದು ಹೊರಡಬೇಕು, ಕೂತರೆ ದುಡ್ಡು ಜಾಸ್ತಿ. ಆ ಕಡೆ ಜನ ಮುಸುಕಿನ ಜೋಳದ ಹಿಟ್ಟಿನಲ್ಲಿ ಮುದ್ದೆಯಂಥದ್ದು ಮಾಡಿ ತಿನ್ನುತ್ತಾರೆ ಎಂದು ಅವಳು ಹೇಳಿದಾಗ, ಜೋಳ ಬೆಳೆಯುವ ಸಣ್ಣಸ್ವಾಮಿಗೆ ಇಟಲಿಯ ಮೇಲೆ ಒಂಥರ ಗೌರವವೇ ಬಂದುಬಿಟ್ಟಿತ್ತು.

ಸಿಗದೆ ಇದ್ದದ್ದು ರೂಮೊಂದೇ. ಹಾಸ್ಟೆಲಿನ ತಾತ್ಕಾಲಿಕ ಮಂಚ ಸೆಪ್ಟೆಂಬರ್ ಮೂವತ್ತರವರೆಗೆ ಮಾತ್ರ. ಅಷ್ಟರೊಳಗೆ ರಿಜಿಸ್ಟರ್ ಆದ ಅಗ್ರಿಮೆಂಟಿನ ಮನೆ ಸಿಗದಿದ್ದರೆ ತಲೆಯ ಮೇಲೆ ಸೂರಿಲ್ಲ, ಅಲ್ಲಿ ಇರುವುದಕ್ಕೆ ಹಾಕಿದ ಪರವಾನಗಿ ಅರ್ಜಿಗೆ ಕೊಡಲು ವಿಳಾಸವೂ ಇಲ್ಲ. ಎರಡು ಮನೆ ನೋಡಿಯಾಗಿತ್ತು, ಎರಡರಲ್ಲೂ ಅವಳನ್ನು ಬೇಡವೆಂದಿದ್ದರು.

"ಬೇಡ ಅಂದ್ರಾ? ಓನರ್ ಹತ್ರ ನಾನೇ ಮಾತಾಡ್ತೀನಿ, ಕೊಡು ಫೋನು" ಎಂದಳು ಕಾಳಮ್ಮ.

"ಓನರ್ ಬರೋದೇ ಇಲ್ಲಮ್ಮ. ಮನೇಲಿರೋ ಹುಡ್ಗೀರೇ ಕೂತು ಮಾತಾಡಿಸ್ತಾರೆ. ಒಂದು ರೂಮಿಗೆ ಹನ್ನೊಂದು ಜನ ಬಂದಿದ್ವಿ, ಒಬ್ಬೊಬ್ರಿಗೆ ಹದಿನೈದು ನಿಮಿಷ. ಅವ್ರು ಯಾರನ್ನ ಆರಿಸ್ತಾರೋ ಅವ್ರಿಗೆ ಓನರ್ ಸಹಿ ಹಾಕ್ತಾರೆ, ಅಷ್ಟೆ."

ಕಾಳಮ್ಮ ದಂಗಾದಳು. ಬಾಡಿಗೆಗೆ ಇರುವವರೇ ಬಾಡಿಗೆಯವರನ್ನು ಆರಿಸುವುದು ಎಂದರೇನು? ಮೇಲಿರುವ ಹುಡುಗಿಯರಿಗೆ ಅಂಥ ಅಧಿಕಾರ ಕೊಟ್ಟರೆ ತನ್ನ ಮನೆಯ ಗತಿ ಏನಾಗಬಹುದು ಎಂದು ನೆನೆಸಿಕೊಂಡೇ ಅವಳಿಗೆ ಬೆವರು ಬಂತು.

"ನಾನು ಹೇಳ್ಕೊಟ್ಟಂಗೆ ಹೇಳ್ದಾ?"

"ಒಂದಕ್ಷರ ಬಿಡ್ದಂಗೆ ಹೇಳ್ದೆ."

ಮೂರನೆಯ ಮನೆಗೆ ಗುರುವಾರ ಕರೆದಿದ್ದರು. ಮೂವತ್ತಕ್ಕೆ ಉಳಿದದ್ದು ಆರು ದಿನ. ಮಗಳು ಹೇಳುವ ರೀತಿಯಲ್ಲಿ ಏನೋ ಎಡವಟ್ಟಾಗುತ್ತಿದೆ, ತಾನೇ ಕೂತು ತಿದ್ದಬೇಕು ಎಂದು ಕಾಳಮ್ಮ ತೀರ್ಮಾನಿಸಿದಳು. ಮಂಗಳವಾರ ಸಂಜೆ ಜಗಲಿಯಲ್ಲಿ ರಿಹರ್ಸಲ್ ಇಟ್ಟುಕೊಂಡಳು. ಇಟಲಿಯ ಹುಡುಗಿಯರ ಪಾತ್ರಕ್ಕೆ ಮಹಡಿಯಿಂದ ಇಬ್ಬರನ್ನು ಕೆಳಗೆ ಕರೆಸಿದಳು. ಒಬ್ಬಳು ಯಮುನಾ, ಕರಿಕೆ ಊರಿನವಳು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಮೂರು ವರ್ಷದಿಂದ ಅಲ್ಲೇ ಇದ್ದಾಳೆ. ಇನ್ನೊಬ್ಬಳು ವೀಣಾ, ಬಿ.ಎಡ್. ಓದುವವಳು. ಇಬ್ಬರೂ ಕಾಳಮ್ಮನ ಲೆಕ್ಕದಲ್ಲಿ ಬಂಗಾರದಂಥ ಬಾಡಿಗೆದಾರರು, ಒಂದು ದಿನಕ್ಕೂ ಒಂದು ದೂರಿಲ್ಲ.

ಕಾಫಿ, ನಿಪ್ಪಟ್ಟು ಬಂತು. ಹಿತ್ತಾಳೆ ಚೊಂಬಿಗೆ ಫೋನು ಒರಗಿಸಿದ್ದಾಯಿತು. ಮೂಲೆಯಲ್ಲಿ ಸಣ್ಣಸ್ವಾಮಿ ಜೋಳದ ತೆನೆ ಸುಲಿಯುತ್ತಾ ಕೂತಿದ್ದ. ಕಾಳಮ್ಮ ಸೆರಗು ಸರಿಮಾಡಿಕೊಂಡು, "ಶುರು ಮಾಡವ್ವ" ಎಂದಳು.

ಫೋನಿನೊಳಗಿಂದ ದಿವ್ಯಶ್ರೀ ಗಿಣಿಪಾಠ ಒಪ್ಪಿಸಿದಳು. ನಾನು ತುಂಬಾ ಶಾಂತ ಸ್ವಭಾವದವಳು. ಗಲಾಟೆ ಮಾಡುವುದಿಲ್ಲ. ಅಡುಗೆ ಹೆಚ್ಚು ಮಾಡುವುದಿಲ್ಲ, ಬ್ರೆಡ್ಡು ಹಣ್ಣು ಸಾಕು. ನೀವು ಯಾವ ರೂಮು ಕೊಟ್ಟರೂ ಸರಿ, ಯಾವ ಕೆಲಸ ಹೇಳಿದರೂ ಸರಿ. ಎಲ್ಲಕ್ಕೂ ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ.

"ನೂರಕ್ಕೆ ನೂರು! ಇದಕ್ಕಿಂತ ಇನ್ನೇನು ಬೇಕಂತೆ ಆ ಇಟಲಿಯವ್ರಿಗೆ? ಹೇಳ್ರಮ್ಮ" ಎಂದು ಕಾಳಮ್ಮ ಹುಡುಗಿಯರ ಕಡೆ ತಿರುಗಿದಳು.

ವೀಣಾ ನಿಪ್ಪಟ್ಟನ್ನೇ ನೋಡುತ್ತಿದ್ದಳು. ಯಮುನಾ ಕಾಫಿ ಲೋಟ ಕೆಳಗಿಟ್ಟಳು.

"ನಾನಾಗಿದ್ರೆ ಇವ್ಳಿಗೆ ರೂಮು ಕೊಡ್ತಿರ್ಲಿಲ್ಲ ಆಂಟಿ."

"ಯಾಕೆ? ನನ್ನ ಮಗಳಿಗೇನಾಗೈತೆ?"

"ಏನೂ ಆಗಿಲ್ಲ. ಆದ್ರೆ ಇಷ್ಟು ಹೊತ್ತು ಕೇಳಿದ್ರೂ ಇವ್ಳು ಎಂಥವ್ಳು ಅಂತ ನಂಗೆ ಗೊತ್ತಾಗ್ಲಿಲ್ಲ. ಮೂರು ಹೊತ್ತೂ ಬ್ರೆಡ್ಡು ತಿಂತೀನಿ ಅಂದ್ರೆ ಯಾರು ನಂಬ್ತಾರೆ? ಎಲ್ಲದಕ್ಕೂ ಹೂಂ ಅನ್ನೋರ ಜೊತೆ ಒಂದೇ ಬಾತ್‌ರೂಮಲ್ಲಿ ಬಾಳೋದು ಕಷ್ಟ ಆಂಟಿ. ಅವ್ರಿಗೆ ಏನು ಬೇಜಾರಾಗಿದೆ ಅಂತ ಯಾವತ್ತೂ ತಿಳಿಯಲ್ಲ."

ಕಾಳಮ್ಮ ನಕ್ಕುಬಿಟ್ಟಳು. "ಮೂರು ವರ್ಷದಿಂದ ನೀನೂ ಹೂಂ ಅಂತಾನೇ ಇದೀಯಲ್ಲೇ, ನಂಗೇನು ಕಷ್ಟ ಆಗೈತೆ?"

ಯಮುನಾ ವೀಣಾಳನ್ನು ನೋಡಿದಳು. ವೀಣಾ ಬೇಡ ಬೇಡ ಎಂದು ತಲೆಯಾಡಿಸಿದಳು. ಆದರೆ ಯಮುನಾ ಅಷ್ಟರಲ್ಲಿ ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

"ಮೇಲಿನ ಗೀಸರ್ ಕೆಟ್ಟು ಮೂರು ತಿಂಗಳಾಯ್ತು ಆಂಟಿ."

ಜೋಳ ಸುಲಿಯುವ ಸದ್ದು ನಿಂತಿತು.

ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವಾಗಿಯೇ ಬಂದವು. ಬಕೆಟ್ಟಿಗೆ ಹೀಟರ್ ರಾಡು ಹಾಕಿ ಸ್ನಾನ ಮಾಡುತ್ತಿದ್ದಾರೆ. ರಾಡು ಉಪಯೋಗಿಸಬಾರದು ಎನ್ನುವುದು ನಾಲ್ಕನೇ ನಿಯಮ, ಹಾಗಾಗಿ ಅದನ್ನು ಮಂಚದ ಕೆಳಗೆ ಬಚ್ಚಿಡುತ್ತಾರೆ. ಟೆರೇಸಿನಲ್ಲಿ ಜೋಳ ಹರವಲು ತಂತಿ ಬಿಚ್ಚಿದಂದಿನಿಂದ ಒದ್ದೆ ಬಟ್ಟೆ ರೂಮಿನೊಳಗೇ ಒಣಗುತ್ತಿದೆ, ಗೋಡೆಗೆ ಬೂಷ್ಟು ಹಿಡಿದಿದೆ. ಕಾಳಮ್ಮ ಭಾನುವಾರ ಮಹಿಳಾ ಸಂಘಕ್ಕೆ ಹೋದಾಗಲೆಲ್ಲ ಮೇಲೆ ಒಣಮೀನು ಹುರಿಯುತ್ತಾರೆ, ಆಮೇಲೆ ಊದುಬತ್ತಿ ಹಚ್ಚುತ್ತಾರೆ. ಮೇಲಿನ ಹುಡುಗಿಯರಿಗೆ ಎಷ್ಟು ದೇವರಭಕ್ತಿ ಎಂದು ಕಾಳಮ್ಮ ಸಂಘದಲ್ಲಿ ಹೊಗಳಿಕೊಂಡದ್ದೂ ಇತ್ತು.

"ಕರೆಂಟ್ ಬಿಲ್ ಏರಿದ್ದು ಇದಕ್ಕಾ? ನಾನು ಪಾಪ ಆ ಮೀಟರ್ ನೋಡೋನಿಗೆ ಬಾಯಿಗೆ ಬಂದಂಗೆ ಬೈದೆನಲ್ಲೇ! ಒಂದು ಮಾತು ಹೇಳಕ್ಕೆ ಏನಾಗಿತ್ತು?"

"ಅಂಕಲ್‌ಗೆ ಹೇಳಿದ್ವಿ" ಎಂದಳು ವೀಣಾ ಮೆಲ್ಲಗೆ.

ಕಾಳಮ್ಮ ಗಂಡನ ಕಡೆ ತಿರುಗಿದಳು. ಸಣ್ಣಸ್ವಾಮಿ ತೆನೆಯನ್ನು ತಿರುಗಿಸಿ ನೋಡುತ್ತಾ, "ಅಡ್ಜಸ್ಟ್ ಮಾಡ್ಕೊಳ್ಳಿ ಅಂದೆ. ನಿಂಗೆ ಹೇಳೋ ಧೈರ್ಯ ನಂಗೆಲ್ಲೈತೆ ಕಾಳಿ" ಎಂದ.

ಕಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಾಳೆಯೇ ಖಾಲಿ ಮಾಡಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಮೊಣಕಾಲು ನೋವಿನ ನೆಪದಲ್ಲಿ ಮೇಲೆ ಹತ್ತದೆ ಒಂದು ವರ್ಷವಾಗಿತ್ತು, ಅದೂ ಆ ಹೊತ್ತಿಗೇ ನೆನಪಾಗಬೇಕೇ? ಸಿಟ್ಟಿಗಿಂತ ಅವಮಾನವೇ ಹೆಚ್ಚಾಯಿತು. ತನ್ನ ಮನೆಯೊಳಗೆ ತನಗೇ ಗೊತ್ತಿಲ್ಲದಂತೆ ಇನ್ನೊಂದು ಮನೆ ನಡೆಯುತ್ತಿತ್ತು.

ಫೋನಿನಲ್ಲಿ ದಿವ್ಯಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು.

"ಅಮ್ಮ, ಬೈಬೇಡ. ನಿನ್ನ ಮಾತು ಕೇಳಿನೇ ನಾನು ಎರಡು ರೂಮು ಕಳ್ಕೊಂಡೆ. ಇನ್ನಿರೋದು ಇದೊಂದೇ."

ಆ ಮಾತು ಎದೆಗೇ ನಾಟಿತು. ನಾಲಿಗೆ ತುದಿಯಲ್ಲಿದ್ದದ್ದನ್ನು ಕಾಳಮ್ಮ ನುಂಗಿಕೊಂಡಳು. "ಹಂಗಾದ್ರೆ ಏನು ಹೇಳ್ಬೇಕೋ ನೀನೇ ಹೇಳ್ಕೊಡು ಯಮುನಾ" ಎಂದು ಎದ್ದು ಅಡುಗೆಮನೆಗೆ ನಡೆದಳು. ಕಿವಿ ಮಾತ್ರ ಜಗಲಿಯಲ್ಲೇ ಇತ್ತು.

ಯಮುನಾ ಹೇಳಿಕೊಟ್ಟದ್ದು ಸರಳವಾಗಿತ್ತು. ಇದ್ದದ್ದನ್ನು ಇದ್ದಂತೆ ಹೇಳು. ದಿನಾ ಬೆಳಿಗ್ಗೆ ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಹಾಕ್ತೀನಿ, ಕಿಟಕಿ ತೆಗೆದೇ ಹಾಕ್ತೀನಿ ಅನ್ನು. ಬಾತ್‌ರೂಮಲ್ಲಿ ನಂದೊಂದು ಮಗ್ಗು ಇರುತ್ತೆ ಅನ್ನು. ಕಸದ ಸರದಿ ತಪ್ಪಿಸಲ್ಲ, ಆದ್ರೆ ಪರೀಕ್ಷೆ ವಾರದಲ್ಲಿ ಒಲೆ ಒರೆಸೋದು ಮರೆತ್ರೂ ಮರೆತೆ ಅನ್ನು. ಆಮೇಲೆ ನೀನು ಕೇಳು. ವಾಷಿಂಗ್ ಮೆಷಿನ್ನೂ ಓವನ್ನೂ ಒಟ್ಟಿಗೆ ಹಾಕಿದ್ರೆ ಕರೆಂಟ್ ಹೋಗುತ್ತಾ? ಚಳಿಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಾ? ಫ್ರಿಜ್ಜಲ್ಲಿ ನನ್ನ ಶೆಲ್ಫು ಯಾವುದು?

"ಇಷ್ಟೆಲ್ಲ ಕೇಳಿದ್ರೆ ಜಗಳಗಂಟಿ ಅನ್ಕೊಳ್ಳಲ್ವಾ?" ದಿವ್ಯಶ್ರೀಗೆ ಅನುಮಾನ.

"ಅಲ್ಲೇ ಬಾಳಕ್ಕೆ ಬಂದವ್ಳು ಅನ್ಕೊಳ್ತಾರೆ" ಎಂದಳು ಯಮುನಾ. "ರಾತ್ರಿ ಕಳೆಯಕ್ಕೆ ಬಂದವ್ರು ಏನೂ ಕೇಳಲ್ಲ."

ಒಳಗೆ ಕಾಳಮ್ಮ ಹಾಲು ಉಕ್ಕಿದ್ದನ್ನೂ ನೋಡದೆ ನಿಂತಿದ್ದಳು. ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದ್ದಕ್ಕೇ ತಾನು ಗೇಟಿನಿಂದ ವಾಪಸು ಕಳಿಸಿದ ಹುಡುಗಿಯರು ಎಷ್ಟು ಜನ ಎಂದು ಲೆಕ್ಕಕ್ಕೆ ಸಿಗಲಿಲ್ಲ.

ಹಾಗೆಂದು ಕಾಳಮ್ಮ ಸುಲಭಕ್ಕೆ ಬಗ್ಗುವವಳಲ್ಲ. ಬುಧವಾರ ಇಡೀ ದಿನ ಮುಖ ಊದಿಸಿಕೊಂಡೇ ಓಡಾಡಿದಳು. ಗೀಸರ್ ರಿಪೇರಿಗೆ ಎಲೆಕ್ಟ್ರಿಷಿಯನ್ ಧರ್ಮಪಾಲನಿಗೆ ಫೋನ್ ಮಾಡಲೇ ಎಂದು ಸಣ್ಣಸ್ವಾಮಿ ಕೇಳಿದ್ದಕ್ಕೆ, "ಮೊದ್ಲು ಇಟಲಿ ತೀರ್ಮಾನ ಬರ್ಲಿ" ಎಂದಳು. ಮಗಳು ಗೆಲ್ಲಬೇಕು, ಯಮುನಾ ಸೋಲಬೇಕು. ಎರಡೂ ಒಟ್ಟಿಗೆ ಆಗುವ ದಾರಿ ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಗುರುವಾರ ಮಗಳನ್ನು ಕರೆದಿದ್ದು ಅಲ್ಲಿನ ಮಧ್ಯಾಹ್ನ ಒಂದಕ್ಕೆ, ಇಲ್ಲಿ ನಾಲ್ಕೂವರೆ. ನಾಲ್ಕಕ್ಕೇ ಕಾಳಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕೂತಳು. ನಾಲ್ಕು ಮುಕ್ಕಾಲಾಯಿತು. ಹದಿನೈದು ನಿಮಿಷದ ಮಾತು ಮುಗಿದಿರಬೇಕು. ಐದಾಯಿತು. ಐದೂಕಾಲಾದರೂ ಸುದ್ದಿಯಿಲ್ಲ. ಅವರು ಬೇಡವೆಂದಿದ್ದಾರೆ, ಮಗಳು ರಸ್ತೆ ಬದಿಯಲ್ಲಿ ನಿಂತು ಅಳುತ್ತಿದ್ದಾಳೆ ಎಂದು ಕಾಳಮ್ಮ ಕಲ್ಪಿಸಿಕೊಂಡಳು. ಆ ಗಳಿಗೆಯಲ್ಲಿ ಯಮುನಾ ಗೆದ್ದರೂ ಅಡ್ಡಿಯಿಲ್ಲ, ನೂರು ಸಲ ಗೆಲ್ಲಲಿ ಅನ್ನಿಸಿತು.

ಐದೂವರೆಗೆ ಫೋನು ಬಂತು. ದಿವ್ಯಶ್ರೀಯ ಬಾಯಿ ತುಂಬ ಏನೋ ಇತ್ತು.

"ಸಿಕ್ತಮ್ಮ! ರೂಮು ಸಿಕ್ತು! ಇಲ್ಲೇ ಊಟಕ್ಕೆ ಕೂರಿಸ್ಕೊಂಡ್ರು, ಅದಕ್ಕೇ ಲೇಟು. ಸೋಮವಾರ ಅಗ್ರಿಮೆಂಟು."

ಕಾಳಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಏನಂದ್ರು, ಎಲ್ಲ ಹೇಳು" ಎಂದಳು.

ಒಗ್ಗರಣೆಯ ಮಾತಿಗೆ ಅವರು, ಒಲೆಯ ಪಕ್ಕದ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಮುಂಚೆಯೇ ಹೇಳಿರುತ್ತೇವೆ ಎಂದರಂತೆ. ಮಗ್ಗಿಗೆ ಜಾಗ ತೋರಿಸಿದರಂತೆ. ಕೊನೆಗೆ ಒಬ್ಬಳು, ಮನೆಯಲ್ಲಿ ಏನಾದರೂ ಕೆಟ್ಟರೆ ನೀನೇನು ಮಾಡುತ್ತೀಯಾ ಎಂದು ಕೇಳಿದಳಂತೆ.

"ಅದೇ ದಿನ ಬಾಯಿ ಮಾಡ್ತೀನಿ ಅಂದೆ. ನಮ್ಮಮ್ಮನ ಮನೇಲಿ ಗೀಸರ್ ಕೆಟ್ಟು ಮೂರು ತಿಂಗಳು ಯಾರೂ ಬಾಯಿ ಬಿಟ್ಟಿರ್ಲಿಲ್ಲ, ಒಣಮೀನು, ಊದುಬತ್ತಿ, ಎಲ್ಲ ಹೇಳ್ದೆ. ಬಿದ್ದು ಬಿದ್ದು ನಕ್ರು. ಆಮೇಲೆ ಬೀಗದಕೈ ಎಲ್ಲಿಡ್ತಾರೆ ಅಂತ ತೋರಿಸಿದ್ರು."

"ನನ್ನ ಮಾನ ಇಟಲಿಲೂ ಹರಾಜು ಹಾಕ್ದಾ ಮಹಾತಾಯಿ!"

"ಅವ್ರು ಇನ್ನೊಂದು ಕೇಳ್ತಿದಾರಮ್ಮ, ಇಲ್ಲೇ ಇದಾರೆ. ಗೀಸರ್ ಸರಿ ಆಯ್ತಾ ಅಂತೆ. ಏನು ಹೇಳ್ಲಿ?"

ಆಯಿತು ಅನ್ನು ಎನ್ನಲು ಕಾಳಮ್ಮ ಬಾಯಿ ತೆರೆದಳು. ಎರಡು ದಿನದ ಹಿಂದಾಗಿದ್ದರೆ ಸಲೀಸಾಗಿ ಹೇಳಿಬಿಡುತ್ತಿದ್ದಳು.

"ಆಗಿಲ್ಲ ಅನ್ನು" ಎಂದಳು. "ನಾಳೆ ಆಗುತ್ತೆ ಅನ್ನು."

ಫೋನಿಟ್ಟವಳೇ ಗಂಡನಿಗೆ, "ಧರ್ಮಪಾಲನಿಗೆ ಹೇಳಿ, ಬೆಳಿಗ್ಗೆ ಎಂಟಕ್ಕೆ ಇಲ್ಲಿರ್ಬೇಕು. ಟೆರೇಸಿನ ಅರ್ಧ ಜೋಳ ಅಂಗಳಕ್ಕೆ ಇಳಿಸಿ, ತಂತಿ ಕಟ್ಟಿ" ಎಂದಳು. ಸಣ್ಣಸ್ವಾಮಿ ಫೋನು ತೆಗೆದುಕೊಂಡು ಎದ್ದ. ಕಾಳಮ್ಮ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ನಡುವೆ ಎರಡು ಸಲ ನಿಂತಳು. ಮೇಲಿನಿಂದ ಒಣಮೀನಿನ ವಾಸನೆ ಬರುತ್ತಿತ್ತು, ಭಾನುವಾರವಲ್ಲದ ದಿನ.

ಬಾಗಿಲು ಮುಚ್ಚಿತ್ತು. ಮೇಲೆ ಹತ್ತಿ ಬರುತ್ತಿದ್ದಾಗಲೆಲ್ಲ ಅವಳು ಆ ಬಾಗಿಲನ್ನು ತಳ್ಳಿಕೊಂಡೇ ಒಳಗೆ ಹೋದವಳು. ಇವತ್ತು ತಟ್ಟಿದಳು.

"ಯಾರು?" ಒಳಗಿನಿಂದ ಯಮುನಾಳ ದನಿ.

"ನಾನು, ಕಾಳಮ್ಮ. ಒಳಗೆ ಬರ್ಬೋದಾ?"

ಒಳಗೆ ಬಕೆಟ್ಟನ್ನು ಮಂಚದ ಕೆಳಗೆ ತಳ್ಳುವ ಸದ್ದು ಕೇಳಿಸಿತು. ಆಮೇಲೆ ಅದನ್ನು ಮತ್ತೆ ಹೊರಗೆ ಎಳೆದ ಸದ್ದು. ಬಾಗಿಲು ತೆರೆಯಿತು. ರೂಮಿನ ನಡುವೆ ಬಕೆಟ್ಟು, ಅದರೊಳಗೆ ರಾಡು, ಕಿಟಕಿಗೆ ಕಟ್ಟಿದ ದಾರದ ಮೇಲೆ ಒದ್ದೆ ಬಟ್ಟೆ. ಯಾವುದನ್ನೂ ಯಾರೂ ಮುಚ್ಚಲಿಲ್ಲ.

"ದಿವ್ಯಂಗೆ ರೂಮು ಸಿಕ್ತು ಯಮುನಾ. ನಿನ್ನಿಂದ" ಎಂದಳು ಕಾಳಮ್ಮ. ಮೊಣಕಾಲು ಒತ್ತಿಕೊಂಡು, ಬೂಷ್ಟು ಹಿಡಿದ ಗೋಡೆಯನ್ನು ಒಮ್ಮೆ ಪೂರ್ತಿ ನೋಡಿದಳು. "ಗೀಸರ್ ನಾಳೆ ಆಗುತ್ತೆ. ಇನ್ನೇನೇನು ಸರಿಯಿಲ್ಲ, ಹೇಳ್ಬಿಡಿ."

ಹುಡುಗಿಯರು ಮುಖ ಮುಖ ನೋಡಿಕೊಂಡರು. ವೀಣಾ ಕುರ್ಚಿಯ ಮೇಲಿದ್ದ ಒದ್ದೆ ಟವೆಲ್ ತೆಗೆದು, ಕುರ್ಚಿಯನ್ನು ಮುಂದಕ್ಕೆ ಸರಿಸಿದಳು.

"ಕೂತ್ಕೊಳ್ಳಿ ಆಂಟಿ" ಎಂದಳು. "ಸ್ವಲ್ಪ ಹೊತ್ತು ಹಿಡಿಯುತ್ತೆ."

ಕಾಳಮ್ಮ ಕೂತಳು.