ತೊಟ್ಟಿಲಿಗೆಂದು ಕೇಳಿ ತಂದದ್ದು

ಹಳೇ ವಿಮಾನಗಳ ಮೂತಿಯಲ್ಲಿ ಗಿರ್ರೆಂದು ತಿರುಗುತ್ತಿದ್ದ ಮರದ ಪ್ರೊಪೆಲ್ಲರ್ ಎಂದರೆ ತೇಜಸ್ವಿನಿಗೆ ಹುಚ್ಚು. ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ಅವಳ ಹಳೇ ಸಾಮಾನಿನ ಅಂಗಡಿ. ಅಂಥ ಪ್ರೊಪೆಲ್ಲರ್‌ಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ತಿಕ್ಕಿ ಹೊಳಪು ಕೊಟ್ಟು, ಗೋಡೆಗೆ ತೂಗುಹಾಕುವ ಶೋಕಿಯವರಿಗೆ ಮಾರುತ್ತಿದ್ದಳು. ತಾಳ್ಯದ ದುರುಗಕ್ಕನ ಮನೆಯಲ್ಲೊಂದು ಇದೆಯೆಂದು ಕಿವಿಗೆ ಬಿದ್ದದ್ದೇ, ಅವಳ ಮನಸ್ಸು ಅಲ್ಲೇ ಸುತ್ತತೊಡಗಿತು.

ಅದಕ್ಕೊಂದು ಕಥೆಯಿತ್ತು. ಯುದ್ಧದ ಕಾಲದಲ್ಲಿ ಮೋಡದೊಳಗೆ ದಾರಿ ತಪ್ಪಿದ ವಿಮಾನವೊಂದು ಜೋಳದ ಹೊಲಕ್ಕಿಳಿಯಿತಂತೆ. ತುದಿ ಸೀಳಿದ ಇದನ್ನು ಬಿಚ್ಚಿ ಬಿಸಾಕಿ, ಬೇರೆಯದು ತರಿಸಿ ಹಾಕಿಕೊಂಡು ಹಾರಿಹೋಯಿತಂತೆ. ದುರುಗಕ್ಕನ ಅತ್ತೆ ಅದನ್ನು ಮನೆಗೆ ಹೊತ್ತು ತಂದು, ತೊಲೆಗಳ ಮೇಲೆ ಅಡ್ಡ ಇಟ್ಟು, ನಡುವಿನ ತೂತಿಗೆ ಹಗ್ಗ ಪೋಣಿಸಿ ತೊಟ್ಟಿಲು ಕಟ್ಟಿದಳು. ಆಕಾಶದಲ್ಲಿ ಅಷ್ಟು ದೊಡ್ಡವರನ್ನು ಹೊತ್ತದ್ದು ಒಂದು ಕೂಸನ್ನು ಬೀಳಿಸೀತೇ? ಆಮೇಲೆ ಸುತ್ತಮುತ್ತ ಯಾರ ಮನೆಯಲ್ಲಿ ಹೆರಿಗೆಯಾದರೂ ಅರಿಸಿನ ಬಳಿದ ಆ ಗಾಳಿಮರ ಅಲ್ಲಿಗೆ ಹೋಗಿ ಬರುತ್ತಿತ್ತು. ಕೊಳ್ಳುವ ಮಾತೆತ್ತಿದವರನ್ನು ದುರುಗಕ್ಕ ಅಂಗಳದಿಂದಲೇ ಸಾಗಹಾಕುತ್ತಿದ್ದಳು. ತೊಟ್ಟಿಲಿಗೆಂದು ಕೇಳಿದವರಿಗೆ ಮಾತ್ರ ಇಲ್ಲವೆನ್ನುತ್ತಿರಲಿಲ್ಲ.

ಇದೆಲ್ಲ ತಿಳಿದೇ ತೇಜಸ್ವಿನಿ ಹೋಗಿ, "ನಮ್ಮಕ್ಕಂಗೆ ಗಂಡು ಕೂಸು," ಎಂದಳು. ಅವಳಿಗೆ ಅಕ್ಕನೇ ಇರಲಿಲ್ಲ.

"ಅಯ್ಯೋ ನನ್ನವ್ವ, ಬಾಗಿಲಾಗೆ ನಿಂತು ಹೇಳೋ ಸುದ್ದಿಯೇನೇ ಇದು? ಒಳಗ್ ಬಾ!" ದುರುಗಕ್ಕ ಅವಳ ಬಾಯಿಗೆ ಬೆಲ್ಲ ಹಾಕಿದಳು. ತಾನೇ ಮುಂದೆ ನಿಂತು ಮರವನ್ನು ಗೂಡ್ಸ್ ಆಟೊಗೆ ಕಟ್ಟಿಸಿದಳು. "ಕೂಸು ನೋಡಾಕ್ ಬರ್ತೀನಿ. ಎಲ್ಲಿ ಅಂತ ಕೇಳ್ಲಿ?"

ಬೇರೇನೂ ತೋಚದೆ ತೇಜಸ್ವಿನಿ ಅಂಗಡಿಯ ಗುರುತನ್ನೇ ಹೇಳಿಬಿಟ್ಟಳು.

ಮಾರನೆಯ ದಿನ ಅರಿಸಿನವೆಲ್ಲ ತೊಳೆದಾಗ, ಒಂದರ ಮೇಲೊಂದು ಅಂಟಿಸಿದ ಮರದ ಪದರಗಳು ನವಿಲಿನ ಕತ್ತಿನಂತೆ ಮಿನುಗಿದವು. ಹೊಸದುರ್ಗದ ಗಿರಾಕಿ ಸಂಜೆಗೆ ಬರುವವನಿದ್ದ. ಅವನಿಗಿಂತ ಮೊದಲು ದುರುಗಕ್ಕ ಬಂದಳು, ಕಂಕುಳಲ್ಲಿ ಪುಟ್ಟ ಕೌದಿ ಹಿಡಿದುಕೊಂಡು.

"ಎಲ್ಲೇ ನಮ್ಮ ಸಾಹೇಬ್ರು?" ಎಂದು ನಗುತ್ತಾ ಒಳಬಂದವಳು ಗೋಡೆಗೊರಗಿದ್ದ ಮರವನ್ನು ನೋಡಿ ಅಲ್ಲೇ ಕುಸಿದಳು. ಆ ಮರದ ಅರಿಸಿನ ತೊಳೆಯುತ್ತಿದ್ದದ್ದು ಒಂದೇ ಕಾರಣಕ್ಕೆ, ತೊಟ್ಟಿಲಿನ ಕೂಸು ಉಳಿಯದಿದ್ದಾಗ.

"ಯಾವಾಗ ಹೋತವ್ವಾ?" ದುರುಗಕ್ಕ ತೇಜಸ್ವಿನಿಯನ್ನು ಎಳೆದು ಎದೆಗೊತ್ತಿಕೊಂಡು ಅತ್ತಳು. "ಬಾಣಂತಿ ಏನಾದ್ರೂ ಉಂಡಾಳಾ? ನಡಿ, ನಾನು ಅವಳ ತಾವ ಕುಂತ್ಕಂತೀನಿ."

ಸುಮ್ಮನಿದ್ದರೆ ಸಾಕಿತ್ತು. ಹುಟ್ಟದ ಕೂಸೊಂದು ಸತ್ತು, ಆ ಸಂಕಟದಲ್ಲಿ ಮರ ವಾಪಸ್ ಕೇಳುವವರಿಲ್ಲದೆ ಅವಳದಾಗುತ್ತಿತ್ತು. ಆದರೆ ಮುದುಕಿಯ ಕಣ್ಣೀರು ಕತ್ತಿನ ಮೇಲೆ ಬಿಸಿಬಿಸಿಯಾಗಿ ಇಳಿಯುತ್ತಿತ್ತು.

"ಕೂಸೇ ಇರ್ಲಿಲ್ಲ ದುರುಗಕ್ಕ."

"ಹಂಗನ್ನಬ್ಯಾಡ್ವೇ, ಸಂಕಟದಾಗೆ..."

"ಅಕ್ಕಾನೂ ಇಲ್ಲ. ಮಾರಾಕೆ ಅಂತ ಸುಳ್ಳು ಹೇಳಿ ತಂದೆ."

ಬೆನ್ನು ಸವರುತ್ತಿದ್ದ ಕೈ ನಿಂತಿತು. ದುರುಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ಮರದ ಒಂದು ತುದಿ ಹಿಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತೇಜಸ್ವಿನಿ ಇನ್ನೊಂದು ತುದಿ ಹಿಡಿದಳು.

ಬಸ್ ಸ್ಟ್ಯಾಂಡಿನಲ್ಲಿ ತಾಳ್ಯದ ಚಿಕ್ಕತಿಮ್ಮಪ್ಪ ಎದುರಾದ. ತೊಳೆದ ಮರವನ್ನು ಕಂಡು ಅವನ ಮುಖ ಇಳಿದುಹೋಯಿತು. "ಯಾರ ಕೂಸು ದುರುಗಕ್ಕ? ಈ ಹುಡುಗಿಯ ಮನ್ಯಾಗೇನು?"

ತೇಜಸ್ವಿನಿ ತಲೆ ತಗ್ಗಿಸಿದಳು.

"ಥೂ, ಬಿಡ್ತು ಅನ್ನು," ಎಂದಳು ದುರುಗಕ್ಕ. "ಮರ ಮಾಸಿತ್ತು. ಪಾಪ, ಈ ಹುಡುಗಿ ತೊಳ್ದುಕೊಟ್ಟಾಳೆ."

ಚಿಕ್ಕತಿಮ್ಮಪ್ಪ ನಿಟ್ಟುಸಿರು ಬಿಟ್ಟು, "ಒಳ್ಳೇದಾಗ್ಲಿ ತಾಯಿ," ಎಂದು ತೇಜಸ್ವಿನಿಗೆ ಕೈಮುಗಿದ.